ಗೇಮ್ ಸೆಟ್ಟಿಗೆ ಸಿನಿಮಾ ತೋರಿಸಲು ಬರುತ್ತೆ, ಕಂಪನಿಗಳೇ ಬಿಡುತ್ತಿಲ್ಲ

ನನಗೆ ಬೇಕಾಗಿರುವುದು ಇಷ್ಟೇ. ಮೆಮೊರಿ ಕಾರ್ಡಿಗೆ ಒಂದು ವಿಡಿಯೊ ಹಾಕುತ್ತೇನೆ. ಆ ಕಾರ್ಡನ್ನು ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ಟಿಗೆ ಸಿಕ್ಕಿಸುತ್ತೇನೆ. ಬಟನ್ ಒತ್ತಿದರೆ ವಿಡಿಯೊ ಓಡಬೇಕು. ಮನೆಯ ಹಳೇ ಟಿವಿ ಪೆನ್‌ಡ್ರೈವ್ ಸಿಕ್ಕಿಸಿದರೆ ಈ ಕೆಲಸ ಮಾಡುತ್ತದೆ. ಕಾರಿನ ಸ್ಟೀರಿಯೊ ಮಾಡುತ್ತದೆ. ಸಾವಿರಗಟ್ಟಲೆ ರೂಪಾಯಿ ಸುರಿದು ತಂದ, ಒಳ್ಳೆಯ ಸ್ಕ್ರೀನು, ಒಳ್ಳೆಯ ಸ್ಪೀಕರು, ಭಾರೀ ಚಿಪ್ಪು ಇರುವ ಗೇಮ್ ಸೆಟ್ ಮಾತ್ರ ಮಾಡುವುದಿಲ್ಲ. ಅದಕ್ಕೆ ಬರುತ್ತದೆ, ಆದರೆ ಮಾಡಿದವರು ಬಿಡುವುದಿಲ್ಲ. ನನ್ನ ಸಿಟ್ಟಿರುವುದು ಅಲ್ಲಿ.

ನಮ್ಮ ಮನೆಯಲ್ಲೂ ಅಂಥದ್ದೊಂದು ಸೆಟ್ ಇದೆ. ಯಾವ ಕಂಪನಿಯದು ಅಂತ ಇಲ್ಲಿ ಹೇಳುವುದಿಲ್ಲ. ಮಗಳಿಗೆ ಅಂತ ತಂದಿದ್ದು. ಬೆಂಗಳೂರಿನಿಂದ ಕರಾವಳಿಯ ಊರಿಗೆ ನಾವು ಹಗಲಿನ ರೈಲಿನಲ್ಲಿ ಹೋಗುತ್ತೇವೆ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಮುಟ್ಟುವವರೆಗೆ ಸುಮಾರು 55 ಕಿಲೋಮೀಟರ್ ಘಟ್ಟ, 57 ಸುರಂಗ. ನೆಟ್‌ವರ್ಕ್ ಅನ್ನುವುದನ್ನು ಮರೆತುಬಿಡಬೇಕು. ಅಲ್ಲಿ ಓಟಿಟಿ ಕೆಲಸಕ್ಕೆ ಬರುವುದಿಲ್ಲ. ಕಾರ್ಡಿನಲ್ಲಿರುವ ಫೈಲೇ ಗತಿ. ಮಗಳ ಕೈಯಲ್ಲಿ ಫುಲ್ ಚಾರ್ಜ್ ಆದ ಸೆಟ್ ಇದೆ, ಅದರೊಳಗೆ ದೊಡ್ಡ ಕಾರ್ಡೂ ಇದೆ. ಹೋದ ವರ್ಷ ನಮ್ಮೂರ ಗದ್ದೆಯಲ್ಲಿ ನಡೆದ ಬಯಲಾಟವನ್ನು ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ, ಅದನ್ನೂ ಆ ಕಾರ್ಡಿಗೆ ಹಾಕಿದ್ದೆ. ಸೆಟ್ಟಿಗೆ ಅದು ಕಾಣುವುದೇ ಇಲ್ಲ. ಫೈಲ್ ಇದೆ ಅಂತ ಕೂಡ ಹೇಳುವುದಿಲ್ಲ.

ಇದರಲ್ಲಿ ಯಾವ ಹಾಲಿವುಡ್ ಸ್ಟುಡಿಯೊದ ಹಕ್ಕಿದೆ ಹೇಳಿ. ವೇಷ ನಮ್ಮೂರಿನವರದ್ದು, ಚಂಡೆ ನಮ್ಮೂರಿನವರದ್ದು, ಕ್ಯಾಮೆರಾ ಹಿಡಿದವನು ನಾನು. ಪೈರಸಿ ತಡೆಯುವುದಕ್ಕೆ ಹೀಗೆ ಮಾಡಿದ್ದೇವೆ ಅನ್ನುವ ಮಾತನ್ನು ನನ್ನ ಮುಂದೆ ಯಾರೂ ತರಬೇಡಿ.

ಈ ಬುದ್ಧಿ ಇವತ್ತಿನದಲ್ಲ. ಸೋನಿಯ ಪಿಎಸ್‌ಪಿ ಅನ್ನುವ ಗೇಮ್ ಸೆಟ್ ನೆನಪಿರುವವರಿಗೆ ಇದು ಗೊತ್ತು. ಜಪಾನಿನಲ್ಲಿ 2004ರ ಡಿಸೆಂಬರಿನಲ್ಲಿ ಬಂತು, ಅಮೆರಿಕದಲ್ಲಿ 2005ರ ಮಾರ್ಚಿನಲ್ಲಿ. 4.3 ಇಂಚಿನ ಅಗಲ ಸ್ಕ್ರೀನ್, 480×272 ಪಿಕ್ಸೆಲ್. ಆ ಕಾಲಕ್ಕೆ ಅದನ್ನು ಕೈಯಲ್ಲಿ ಹಿಡಿದವರೆಲ್ಲ ಬೆರಗಾಗುತ್ತಿದ್ದರು. ಗೇಮಿಗೂ ಸಿನಿಮಾಕ್ಕೂ ಎರಡಕ್ಕೂ ಅಂತಲೇ ಅದನ್ನು ಮಾರಿದರು. ಮಾರಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆ ಸೆಟ್ಟಿಗೆ ಸಿನಿಮಾ ಚೆನ್ನಾಗಿ ಬರುತ್ತಿತ್ತು. ಆದರೆ ಷರತ್ತುಗಳನ್ನು ನೋಡಿ.

ಸಿನಿಮಾ ಬೇಕಾದರೆ ಯುಎಂಡಿ ಅನ್ನುವ ಡಿಸ್ಕ್ ಕೊಳ್ಳಬೇಕು. ಆರು ಸೆಂಟಿಮೀಟರಿನ ಪುಟ್ಟ ಡಿಸ್ಕು, ಸುತ್ತ ಪ್ಲಾಸ್ಟಿಕ್ ಕವಚ, 1.8 ಜಿಬಿ ಜಾಗ. ಬೆಲೆ ಹೆಚ್ಚುಕಡಿಮೆ ಡಿವಿಡಿಯಷ್ಟೇ. ಆದರೆ ಡಿವಿಡಿಯನ್ನು ಮನೆಯ ಟಿವಿಯಲ್ಲಿ ನೋಡಬಹುದು, ಪಕ್ಕದ ಮನೆಯವರಿಗೆ ಕೊಡಬಹುದು. ಯುಎಂಡಿಯನ್ನು ಪಿಎಸ್‌ಪಿ ಬಿಟ್ಟರೆ ಎಲ್ಲೂ ಹಾಕುವ ಹಾಗಿಲ್ಲ. ಟಿವಿಗೆ ವೈರ್ ಎಳೆದು ನೋಡೋಣ ಅಂದರೆ ಮೊದಲ ಮಾಡೆಲಿನಲ್ಲಿ ಅದಕ್ಕೂ ದಾರಿ ಇರಲಿಲ್ಲ, 2007ರ ಮಾಡೆಲಿನವರೆಗೆ ಕಾಯಬೇಕಾಯಿತು. ಖಾಲಿ ಯುಎಂಡಿ ಜನಸಾಮಾನ್ಯರಿಗೆ ಮಾರಲೇ ಇಲ್ಲ, ಹಾಗಾಗಿ ನಿಮ್ಮ ವಿಡಿಯೊವನ್ನು ನೀವೇ ಅದಕ್ಕೆ ಬರೆಯುವ ಮಾತೇ ಇಲ್ಲ. ಅದರ ಮೇಲೆ ರೀಜನ್ ಕೋಡ್, ಅಂದರೆ ಯಾವ ಭಾಗದ ದೇಶಗಳ ಸೆಟ್ಟಿನಲ್ಲಿ ಓಡಬೇಕು ಅನ್ನುವ ಗುರುತು. ಗೇಮಿನ ಯುಎಂಡಿಗಳು ಯಾವ ದೇಶದ ಪಿಎಸ್‌ಪಿಯಲ್ಲಾದರೂ ಓಡುತ್ತಿದ್ದವು. ಸಿನಿಮಾದ ಯುಎಂಡಿಗೆ ಮಾತ್ರ ಬೀಗ. ಅಮೆರಿಕ 1ನೇ ರೀಜನ್, ನಾವು 5. ಅಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಪ್ರೀತಿಯಿಂದ ಒಂದು ಸಿನಿಮಾ ತಂದುಕೊಟ್ಟರೆ ಇಲ್ಲಿನ ಸೆಟ್ ಅದನ್ನು ಮುಟ್ಟುವುದಿಲ್ಲ. ಅದೇ ಡಿಸ್ಕು, ಅದೇ ಸೆಟ್ಟು. ಗೇಮಾದರೆ ಆಗುತ್ತೆ, ಸಿನಿಮಾ ಆದರೆ ಆಗಲ್ಲ. ಇದಕ್ಕೆ ಏನನ್ನಬೇಕು?

ಕಾರ್ಡಿನಿಂದ ನೋಡಬಹುದಿತ್ತಲ್ವಾ ಅಂತ ಕೇಳುತ್ತೀರಿ. ನೋಡಬಹುದಿತ್ತು. ಮೆಮೊರಿ ಸ್ಟಿಕ್ ಅನ್ನುವ ಸೋನಿಯ ಕಾರ್ಡಿನಲ್ಲಿ ಎಂಪಿ4 ವಿಡಿಯೊ ಫೈಲ್ ಹಾಕಲು ಬಿಟ್ಟಿದ್ದರು. ಹೇಗೆ ಬಿಟ್ಟಿದ್ದರು ಅನ್ನುವುದನ್ನು ಕೇಳಿ. ಎಂಪಿ_ರೂಟ್ ಅನ್ನುವ ಫೋಲ್ಡರ್ ಮಾಡಬೇಕು. ಅದರೊಳಗೆ 100ಎಂಎನ್‌ವಿ01 ಅನ್ನುವ ಇನ್ನೊಂದು ಫೋಲ್ಡರ್. ಅದರೊಳಗೆ ನಿಮ್ಮ ಸಿನಿಮಾಕ್ಕೆ ಎಂ4ವಿ00001 ಅಂತ ಹೆಸರಿಡಬೇಕು. ಸಿನಿಮಾದ ಸ್ವಂತ ಹೆಸರಿಟ್ಟರೆ ಸೆಟ್ ಗುರುತಿಸುವುದಿಲ್ಲ. ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಚಿತ್ರ 320×240 ಗಾತ್ರಕ್ಕಿಂತ ದೊಡ್ಡದಿರಬಾರದು. ಸ್ಕ್ರೀನಿನಲ್ಲಿ ಇರುವುದು 1,30,560 ಪಿಕ್ಸೆಲ್, ನಮ್ಮ ಫೈಲಿಗೆ ಕೊಟ್ಟಿದ್ದು 76,800. ಅವರ ಅಂಗಡಿಯ ಡಿಸ್ಕ್ ಹಾಕಿದರೆ ಪೂರ್ತಿ ಸ್ಪಷ್ಟ ಚಿತ್ರ, ನಮ್ಮ ಫೈಲ್ ಹಾಕಿದರೆ ಮಸುಕು.

ಆಮೇಲೆ ಏನಾಯಿತು ಗೊತ್ತಾ? 2007ರಲ್ಲಿ ಸೆಟ್ಟಿನೊಳಗಿನ ಮೂಲ ತಂತ್ರಾಂಶದ, ಅಂದರೆ ಫರ್ಮ್‌ವೇರಿನ, 3.30 ಆವೃತ್ತಿ ಬಂತು. ಅದೇ ಚಿಪ್ಪು, ಅದೇ ಸ್ಕ್ರೀನು, ಅದೇ ಬ್ಯಾಟರಿ. ಒಂದು ಅಪ್‌ಡೇಟ್ ಹಾಕಿದ ತಕ್ಷಣ ಕಾರ್ಡಿನಲ್ಲಿರುವ ಫೈಲೂ 480×272ರಲ್ಲಿ ಓಡಲು ಶುರುವಾಯಿತು. ಅಂದರೆ ಆ ಸೆಟ್ಟಿಗೆ ಮೊದಲ ದಿನದಿಂದಲೂ ಆ ಶಕ್ತಿ ಇತ್ತು. ಎರಡು ವರ್ಷಕ್ಕೂ ಜಾಸ್ತಿ ಕಾಲ, ದುಡ್ಡು ಕೊಟ್ಟು ಕೊಂಡವರಿಂದ ಅದನ್ನು ಬೇಕಂತಲೇ ಮುಚ್ಚಿಟ್ಟಿದ್ದರು. ಇದನ್ನು ಹೇಗೆ ಕ್ಷಮಿಸುವುದು ನನಗೆ ಗೊತ್ತಿಲ್ಲ. ಯುಎಂಡಿ ಸಿನಿಮಾ ಮಾರಾಟ ಅಷ್ಟರಲ್ಲಿ ನೆಲಕಚ್ಚಿತ್ತು. 2006ರಲ್ಲೇ ಅಮೆರಿಕದ ದೊಡ್ಡ ದೊಡ್ಡ ಸ್ಟುಡಿಯೊಗಳು ಕೈ ಎತ್ತಲು ಶುರುಮಾಡಿದ್ದವು. 2009ರಲ್ಲಿ ಪಿಎಸ್‌ಪಿ ಗೋ ಬಂತು, ಅದರಲ್ಲಿ ಯುಎಂಡಿ ಹಾಕುವ ಜಾಗವೇ ಇಲ್ಲ. ಕೊಂಡಿಟ್ಟ ಡಿಸ್ಕುಗಳನ್ನು ಏನು ಮಾಡಬೇಕು? ಅದಕ್ಕೆ ಉತ್ತರ ಕೊಟ್ಟವರೂ ಇಲ್ಲ.

ನಿಂಟೆಂಡೊ ಕಥೆಯೂ ಬೇರೆಯಲ್ಲ. 2004ರಲ್ಲಿ ಅವರ ಗೇಮ್ ಬಾಯ್ ಅಡ್ವಾನ್ಸ್ ಅನ್ನುವ ಸೆಟ್ಟಿಗೆ, ಗೇಮಿನ ಬದಲು ವಿಡಿಯೊ ತುಂಬಿದ ಕಾರ್ಟ್ರಿಜ್‌ಗಳು ಬಂದವು. 240×160ರ ಪುಟಾಣಿ ಸ್ಕ್ರೀನಿನಲ್ಲಿ ಕಾರ್ಟೂನು. ಟಿವಿಯಲ್ಲಿ ಗೇಮ್ ಬಾಯ್ ಆಡಿಸುವ ಗೇಮ್ ಬಾಯ್ ಪ್ಲೇಯರ್ ಅನ್ನುವ ಯಂತ್ರಕ್ಕೆ ಈ ಕಾರ್ಟ್ರಿಜ್ ಹಾಕಿದರೆ ಓಡದ ಹಾಗೆ ಬೀಗ ಹಾಕಿದ್ದರು, ಯಾರಾದರೂ ವಿಸಿಆರ್‌ಗೆ ಕಾಪಿ ಮಾಡಿಕೊಂಡಾರು ಅಂತ. ಆ ಮಸುಕು ಚಿತ್ರವನ್ನು ಯಾರು ಕಾಪಿ ಮಾಡುತ್ತಿದ್ದರು? 2005ರಲ್ಲಿ ಅದೇ ನಿಂಟೆಂಡೊ ಜಪಾನಿನಲ್ಲಿ ಪ್ಲೇ-ಯಾನ್ ಅನ್ನುವ ಅಡಾಪ್ಟರ್ ಮಾರಿತು. ಎಸ್‌ಡಿ ಕಾರ್ಡ್ ಹಾಕಿ, ನಿಮ್ಮ ಎಂಪಿ4 ನೋಡಿ, ಎಂಪಿ3 ಕೇಳಿ. ನಾನು ಕೇಳುತ್ತಿರುವುದು ಇದನ್ನೇ! 20 ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. ಅದೇ ವಸ್ತುವನ್ನು ಆಮೇಲೆ ಯುರೋಪಿಗೆ ತರುವಾಗ ವಿಡಿಯೊ ಕಿತ್ತುಹಾಕಿ ಬರೀ ಹಾಡು ಕೇಳುವ ಹಾಗೆ ಮಾಡಿದರು. ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಬುದ್ಧಿ ಎಲ್ಲಿಂದ ಬರುತ್ತದೋ.

ನಿಂಟೆಂಡೊದ ಮುಂದಿನ ಸೆಟ್ ಡಿಎಸ್ ಕಾಲದಲ್ಲಿ ಕಂಪನಿ ಮಾಡದ್ದನ್ನು ಹವ್ಯಾಸಿಗಳು ಮಾಡಿದರು. 67 ಮೆಗಾಹರ್ಟ್ಸ್ ಪ್ರೊಸೆಸರು, 4 ಎಂಬಿ ರ‍್ಯಾಮು. ಅಷ್ಟರಲ್ಲೇ ಮೂನ್‌ಶೆಲ್ ಅನ್ನುವ ತಂತ್ರಾಂಶದಲ್ಲಿ ವಿಡಿಯೊ ಓಡಿಸಿ ತೋರಿಸಿದರು. ಡಿಪಿಜಿ ಅನ್ನುವ ಫಾರ್ಮ್ಯಾಟಿಗೆ ಬದಲಾಯಿಸಿಕೊಳ್ಳಬೇಕಿತ್ತು, ಚಿತ್ರ ಸಣ್ಣದಿತ್ತು, ಆದರೂ ಓಡುತ್ತಿತ್ತು. ಅದನ್ನು ಹಾಕಲು ಬೇಕಿದ್ದ ಕಾರ್ಡುಗಳನ್ನೇ ಕದ್ದ ಗೇಮ್ ಆಡುವವರೂ ಬಳಸುತ್ತಿದ್ದರು. 2009ರಲ್ಲಿ ಟೋಕಿಯೊ ನ್ಯಾಯಾಲಯ ಆರ್4 ಅನ್ನುವ ಅಂಥ ಕಾರ್ಡುಗಳ ಮಾರಾಟಕ್ಕೆ ತಡೆ ಹಾಕಿತು. ಕಳ್ಳತನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ನೆ ತನ್ನ ವಿಡಿಯೊ ನೋಡಿಕೊಂಡಿದ್ದವನ ದಾರಿಯೂ ಅದರ ಜೊತೆ ಮುಚ್ಚಿಹೋಯಿತು. ಕಂಪನಿಯೇ ನೇರ ದಾರಿ ಕೊಟ್ಟಿದ್ದರೆ ಅವನು ಆ ಕಾರ್ಡನ್ನು ಯಾಕೆ ಹುಡುಕಿಕೊಂಡು ಹೋಗುತ್ತಿದ್ದ?

ಈಗ ನಿಂಟೆಂಡೊದ ಸ್ವಿಚ್ ಸೆಟ್ ನೋಡಿ. 2017ರಿಂದ ಇದೆ. ಅದರ ಟೆಗ್ರಾ ಎಕ್ಸ್1 ಚಿಪ್ಪು 4ಕೆ ವಿಡಿಯೊ ಬಿಚ್ಚಿ ತೋರಿಸಬಲ್ಲದು. ಗೇಮ್ ಆಡುವಾಗ ಕೊನೆಯ 30 ಸೆಕೆಂಡನ್ನು ಎಂಪಿ4 ಆಗಿ ರೆಕಾರ್ಡ್ ಮಾಡುತ್ತದೆ. ಆಲ್ಬಮ್ಮಿಗೆ ಹೋದರೆ ಅದನ್ನು ಓಡಿಸಿಯೂ ತೋರಿಸುತ್ತದೆ. ಅಂದರೆ ವಿಡಿಯೊ ಪ್ಲೇಯರ್ ಒಳಗೇ ಕೂತಿದೆ. ನಮ್ಮ ಫೈಲಿಗೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಯುಟ್ಯೂಬ್ ಬರಲಿಕ್ಕೆ 2018ರ ನವೆಂಬರ್ ಆಯಿತು. ಅದೂ ನೆಟ್ ಇದ್ದರೆ ಮಾತ್ರ. ನಮ್ಮ ಸುರಂಗದೊಳಗೆ ಅದನ್ನಿಟ್ಟುಕೊಂಡು ಏನು ಮಾಡುವುದು?

ಆ್ಯಪ್ ಕೊಡುತ್ತೇವಲ್ಲ, ಆನ್‌ಲೈನ್ ಅಂಗಡಿ ಇದೆಯಲ್ಲ ಅಂತಾರೆ ಕಂಪನಿಯವರು. ಅವರ ಅಂಗಡಿಯ ಆಯುಷ್ಯ ಎಷ್ಟು ಅಂತ ನೋಡಿ. ನಿಂಟೆಂಡೊದ 3ಡಿಎಸ್ ಸೆಟ್ಟಿಗೆ ನೆಟ್‌ಫ್ಲಿಕ್ಸ್ 2011ರಲ್ಲಿ ಬಂತು, 2021ರ ಜೂನ್ 30ಕ್ಕೆ ನಿಂತಿತು. ಸೋನಿಯ ಪ್ಲೇಸ್ಟೇಷನ್ ಸ್ಟೋರ್ 2021ರ ಆಗಸ್ಟ್ 31ಕ್ಕೆ ಸಿನಿಮಾ ಮಾರುವುದನ್ನೇ ಬಿಟ್ಟಿತು. ಮರುವರ್ಷ ಜರ್ಮನಿ, ಆಸ್ಟ್ರಿಯಾಗಳಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ನೂರಾರು ಸಿನಿಮಾಗಳನ್ನು, ಸ್ಟುಡಿಯೊದ ಜೊತೆ ಒಪ್ಪಂದ ಮುಗಿಯಿತು ಅಂತ, ಅವರ ಲೈಬ್ರರಿಯಿಂದಲೇ ತೆಗೆದುಹಾಕಿದರು. ಕೊಂಡವನ ಕೈಯಲ್ಲಿ ಉಳಿದಿದ್ದು ರಸೀದಿ. ಕಾರ್ಡಿನಲ್ಲಿರುವ ಫೈಲಿಗೆ ಈ ಗತಿ ಬರುವುದಿಲ್ಲ. ಬಹುಶಃ ಅದಕ್ಕೇ ಅವರಿಗೆ ಕಾರ್ಡಿನ ಫೈಲು ಕಂಡರೆ ಆಗುವುದಿಲ್ಲ.

ನಮ್ಮಂಥ ಕನ್ನಡದವರಿಗೆ ಇದು ಇನ್ನೂ ಜಾಸ್ತಿ ಉರಿಯುತ್ತದೆ. ಅವರ ಅಂಗಡಿಯಲ್ಲಿ ಇಂಗ್ಲಿಷ್ ಸಿನಿಮಾ ನೋಡುವವನಿಗೆ ಕೊನೆಪಕ್ಷ ಏನಾದರೂ ಸಿಗುತ್ತಿತ್ತು. ಕನ್ನಡ ಸಿನಿಮಾದ ಯುಎಂಡಿಯನ್ನು ನಾನಂತೂ ಎಲ್ಲೂ ಕಂಡಿಲ್ಲ. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಪಿಎಸ್‌ಪಿ ಸಾಲಾಗಿ ಇಟ್ಟು ಮಾರುತ್ತಿದ್ದ ಕಾಲದಲ್ಲೂ ಕಂಡಿಲ್ಲ. ನಿಂಟೆಂಡೊ ಅಂತೂ ನಮ್ಮ ದೇಶದ ಕಡೆ ಸರಿಯಾಗಿ ತಿರುಗಿಯೂ ನೋಡಿಲ್ಲ, ಸ್ವಿಚ್ಚನ್ನು ಇಲ್ಲಿಯವರು ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಲ್ಲಿ ಕೊಂಡರು. ಹಾಗಿರುವಾಗ ನಮ್ಮ ಭಾಷೆಯ ಸಿನಿಮಾ, ನಮ್ಮ ನಾಟಕ, ನಮ್ಮ ಯಕ್ಷಗಾನ, ನಮ್ಮ ಮನೆಯ ಮದುವೆ ಆ ಸ್ಕ್ರೀನಿನ ಮೇಲೆ ಬರಬೇಕಾದರೆ ಇರುವುದು ಒಂದೇ ದಾರಿ: ನಮ್ಮದೇ ಫೈಲು. ಆ ಒಂದು ದಾರಿಗೇ ಬೀಗ.

"ಫೋನಿನಲ್ಲಿ ನೋಡ್ರೀ, ಅದಕ್ಯಾಕೆ ಇಷ್ಟು ಗಲಾಟೆ" ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಫೋನಿನಲ್ಲೇ ರೈಲು ಟಿಕೆಟ್ ಇದೆ. ಫೋನಿನಲ್ಲೇ ಚಹಾದವನಿಗೆ ದುಡ್ಡು ಕೊಡಬೇಕು. ಸ್ಟೇಷನ್ನಿಗೆ ಬರುವ ಭಾವನಿಗೆ ಫೋನ್ ಮಾಡಬೇಕು. ಮಗಳು ಎರಡು ಗಂಟೆ ಸಿನಿಮಾ ನೋಡಿದರೆ ಇಳಿಯುವ ಹೊತ್ತಿಗೆ ಫೋನ್ ಸತ್ತಿರುತ್ತದೆ. ಮಧ್ಯೆ ಆಫೀಸಿನ ಮೆಸೇಜು, ಲೋನ್ ಬೇಕಾ ಅನ್ನುವ ಕರೆ. ಫೋನು ಕೊಟ್ಟರೆ ಮಗು ಸಿನಿಮಾ ಬಿಟ್ಟು ಇನ್ನೆಲ್ಲೋ ಹೋಗಿ ಕೂರುತ್ತದೆ ಅನ್ನುವುದು ಬೇರೆ ಚಿಂತೆ. ಮಗುವಿನ ಕೈಗೆ ಅಂತಲೇ ಮಾಡಿದ ಯಂತ್ರವೊಂದು ಎದುರಿಗೆ ಇರುವಾಗ ನಾನು ಯಾಕೆ ನನ್ನ ಫೋನ್ ಕೊಡಬೇಕು?

ಕೊಡೆಕ್, ಅಂದರೆ ವಿಡಿಯೊ ಬಿಚ್ಚುವ ತಂತ್ರ, ಅದರ ಲೈಸೆನ್ಸಿಗೆ ಖರ್ಚಾಗುತ್ತದೆ ಅನ್ನುವುದು ಇನ್ನೊಂದು ಸಮಜಾಯಿಷಿ. ರಾಸ್ಪ್‌ಬೆರಿ ಪೈ ಅನ್ನುವ ಅಗ್ಗದ ಪುಟ್ಟ ಕಂಪ್ಯೂಟರ್ ಇದೆ. 2012ರಲ್ಲಿ ಅದರವರು ಎಂಪೆಗ್-2 ಅನ್ನುವ ಕೊಡೆಕ್ ಬೇಕಾದವರಿಗೆ 2.40 ಪೌಂಡಿಗೆ ಲೈಸೆನ್ಸ್ ಮಾರಿದರು. ಬೇಕಾದವನು ಕೊಂಡ, ಬೇಡದವನು ಬಿಟ್ಟ. ಹಾಗೇ ಮಾಡಿ. ಐನೂರು ರೂಪಾಯಿ ಅನ್ನಿ, ಈಗಲೇ ಕೊಡುತ್ತೇನೆ. ಕೇಳುವುದೂ ಇಲ್ಲ, ಕೊಡುವುದೂ ಇಲ್ಲ ಅಂದರೆ ಹೇಗೆ?

ಬೀಗ ಒಡೆದು ಬೇರೆ ತಂತ್ರಾಂಶ ಹಾಕಿಕೊಳ್ಳಿ ಅಂತ ಹುಡುಗರು ಸಲಹೆ ಕೊಡುತ್ತಾರೆ. ಹಾಕಿಕೊಂಡರೆ ವಾರಂಟಿ ಹೋಯಿತು. ಕಂಪನಿಗೆ ಗೊತ್ತಾದರೆ ಆನ್‌ಲೈನಿನಿಂದ ಹೊರಗೆ. ಮಗಳು ಗೆಳತಿಯರ ಜೊತೆ ಆಡುವುದೂ ನಿಲ್ಲುತ್ತದೆ. ನಮ್ಮೂರ ಬಯಲಾಟ ನೋಡಿದ್ದಕ್ಕೆ ಇಂಥ ಶಿಕ್ಷೆಯಾ?

ಮಾಡಬೇಕು ಅಂತ ಮನಸ್ಸಿದ್ದವರು ಮಾಡಿದ್ದಾರೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಅನ್ನುವ ಗೇಮ್ ಸೆಟ್ಟಿನ ಒಳಗಿರುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಡೆಸ್ಕ್‌ಟಾಪ್ ಮೋಡಿಗೆ ಹೋಗಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಹಾಕಿಕೊಂಡರೆ ಆಯಿತು, ಯಾವ ಫೈಲಾದರೂ ಓಡುತ್ತದೆ. ವಿಎಲ್‌ಸಿಗೆ ಒಂದು ಪೈಸೆ ಇಲ್ಲ. ಹಳೇ ಗೇಮ್ ಆಡಿಸುವ ಅಗ್ಗದ ಚೀನೀ ಸೆಟ್ಟುಗಳಲ್ಲೂ ಎಷ್ಟೋ ಕಡೆ ವಿಡಿಯೊ ಓಡುತ್ತದೆ. ಇವರಿಗೆಲ್ಲ ಆಗಿದ್ದು ದೊಡ್ಡ ಕಂಪನಿಗಳಿಗೆ ಆಗುವುದಿಲ್ಲವಾ?

ಮೆನುವಿನಲ್ಲಿ ಒಂದು ವಿಡಿಯೊ ಅನ್ನುವ ಜಾಗ ಕೊಡಿ. ಎಂಪಿ4, ಎಂಕೆವಿ ಎರಡೂ ಓಡಲಿ. ನಿಲ್ಲಿಸಿದ ಕಡೆಯಿಂದಲೇ ಮತ್ತೆ ಶುರುವಾಗಲಿ. ಪಕ್ಕದಲ್ಲಿ ಎಸ್‌ಆರ್‌ಟಿ ಅನ್ನುವ ಸಬ್‌ಟೈಟಲ್ ಫೈಲ್ ಇದ್ದರೆ ಸಬ್‌ಟೈಟಲ್ ಬರಲಿ, ಕನ್ನಡ ಅಕ್ಷರಗಳು ಒತ್ತು ಚೆಲ್ಲಾಪಿಲ್ಲಿಯಾಗದೆ ಮೂಡಲಿ. ಅದಕ್ಕೆ ಬೇಕಾದ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಬಿಟ್ಟಿಯಾಗಿಯೇ ಇದೆ. ಒಂದು ಅಪ್‌ಡೇಟಿನ ಕೆಲಸ.

ಅದು ಬರುವವರೆಗೆ ನಮ್ಮ ಮನೆಗೆ ಹೊಸ ಸೆಟ್ ಬರುವುದಿಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ನನ್ನ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ. "ಇದನ್ನು ಹಾಕಿ, ಈ ಫೈಲ್ ಓಡಿಸಿ ತೋರಿಸಿ, ಆಮೇಲೆ ರೇಟ್ ಮಾತಾಡೋಣ" ಅಂತ ಕೇಳುತ್ತೇನೆ. ಓಡದಿದ್ದರೆ ಬರಿಗೈಯಲ್ಲಿ ವಾಪಸ್ ಬರುತ್ತೇನೆ. ನೀವೂ ಹಾಗೇ ಕೇಳಿ.