ಚಕ್ಕಲಿ ಡಬ್ಬಿಯ ತಂಬೂರಿ

ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಟರ್ನ್‌ಟೇಬಲ್ ಮತ್ತು ಎರಡು ಟ್ರಂಕ್ ತುಂಬ ಎಲ್‌ಪಿ ತಟ್ಟೆಗಳು. ತಮ್ಮ ಜಾಣ, ಸ್ಕೂಟರ್ ತೆಗೆದುಕೊಂಡ. ಧಾರವಾಡದಿಂದ ಬೆಂಗಳೂರಿಗೆ ಮಗುವನ್ನು ಎತ್ತಿಕೊಂಡ ಹಾಗೆ ತಂದು, ನನ್ನ ಹೊಸ ಆಂಪ್ಲಿಫೈಯರಿಗೆ ಸಿಕ್ಕಿಸಿ, ಮಲ್ಲಿಕಾರ್ಜುನ ಮನ್ಸೂರರ ತಟ್ಟೆ ಹಾಕಿದೆ. ಸೊಳ್ಳೆ ಹಾಡಿದ ಹಾಗಿತ್ತು. ತಂಬೂರಿ ಇಲ್ಲ, ತಬಲಾದ ಎಡಗೈ ಇಲ್ಲ. ಬರೀ ಚರಚರ.

ತಪ್ಪು ಆಂಪ್ಲಿಫೈಯರಿನದಲ್ಲ. ತಟ್ಟೆಯೊಳಗೆ ಹಾಡು ಇರುವುದೇ ಹಾಗೆ. ಮಂದ್ರ ಸ್ವರಗಳನ್ನು ಇದ್ದಷ್ಟೇ ಜೋರಾಗಿ ಕೊರೆದರೆ ಗೀರು ಅಗಲವಾಗಿ ಜಾಗ ಸಾಲುವುದಿಲ್ಲ. ಅದಕ್ಕೆ ಕುಗ್ಗಿಸಿ ಕೊರೆಯುತ್ತಾರೆ. ಮೇಲಿನ ಸ್ವರಗಳನ್ನು ಬೇಕೆಂದೇ ಹಿಗ್ಗಿಸುತ್ತಾರೆ. ಕೇಳುವಾಗ ಅವನ್ನು ತಗ್ಗಿಸಿದರೆ ತಟ್ಟೆಯ ಚರಚರವೂ ಜೊತೆಗೇ ತಗ್ಗುತ್ತದೆ. ಸಂಡಿಗೆ ಇದ್ದ ಹಾಗೆ ಅಲ್ವಾ? ಒಣಗಿಸಿ, ಮುದುರಿಸಿ ಇಟ್ಟದ್ದು ಎಣ್ಣೆಗೆ ಬಿದ್ದಾಗಲೇ ಅರಳುವುದು. ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬ ಲೆಕ್ಕವನ್ನು 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಗೊತ್ತು ಮಾಡಿತು. ಅದಕ್ಕೂ ಮುಂಚೆ ಕಂಪನಿಗೊಂದು ಲೆಕ್ಕ. ಈ ಸಂಡಿಗೆ ಕರಿಯುವ ಬಾಣಲೆಯ ಹೆಸರೇ ಫೋನೋ ಪ್ರೀಆಂಪ್.

ಅಂಗಡಿಯಲ್ಲಿ ಸಿಗುತ್ತದೆ. ಆದರೆ ಡಿಪ್ಲೊಮಾ ಓದುವಾಗ ಕಲಿತ ಸೋಲ್ಡರಿಂಗ್ ಇಪ್ಪತ್ತು ವರ್ಷದಿಂದ ಕೈಯಲ್ಲಿ ತುರಿಸುತ್ತಿತ್ತು. ಶನಿವಾರ ಎಸ್‌ಪಿ ರೋಡಿಗೆ ಹೋದೆ. ಒಂದು ಎನ್‌ಇ5532 ಚಿಪ್ ಕೊಂಡೆ. ಎಂಟು ಕಾಲು, ಒಳಗೆ ಎರಡು ಆಂಪ್ಲಿಫೈಯರ್, ಎಡಕ್ಕೊಂದು ಬಲಕ್ಕೊಂದು. ಒಂದೇ ಅಳತೆಯ ಕೆಪಾಸಿಟರ್ ಇಪ್ಪತ್ತು ಕೇಳಿದಾಗ ಅಂಗಡಿಯವನು ಮೇಲೆ ಕೆಳಗೆ ನೋಡಿದ. "ಎರಡು ಸಾಕಲ್ಲ ಸಾರ್?" ಸಾಲದು. ಮೈಮೇಲೆ ಬರೆದ ಅಳತೆಗೂ ನಿಜಕ್ಕೂ ನೂರಕ್ಕೆ ಐದು ಆಚೀಚೆ ಆಗುತ್ತದೆ. ಎಡದ್ದೂ ಬಲದ್ದೂ ಒಂದೇ ಸಮ ಇರದಿದ್ದರೆ ಎರಡು ಕಿವಿಗೆ ಎರಡು ಬಗೆಯ ಹಾಡು. ರಾತ್ರಿ ಮೀಟರ್ ಹಿಡಿದು ಇಪ್ಪತ್ತನ್ನೂ ಅಳೆದು, ಜಾತಕ ಹೊಂದಿಸಿದ ಹಾಗೆ ಜೋಡಿ ಮಾಡಿದೆ. ಉಳಿದವು ಇನ್ನೂ ಡ್ರಾಯರಿನಲ್ಲಿ ಮದುವೆಯಾಗದೆ ಕೂತಿವೆ.

ಊಟದ ಮೇಜಿನ ಮೇಲೆ ಸೋಲ್ಡರಿಂಗ್ ಶುರುವಾಯಿತು. ಹಳದಿ, ನೇರಳೆ, ಕಿತ್ತಳೆ ಪಟ್ಟಿಯ 47 ಕಿಲೋ ಓಮ್ ರೆಸಿಸ್ಟರ್ ಮೊದಲು. ಕಾದ ಮೊನೆಗೆ ಸೀಸ ಮುಟ್ಟಿದಾಗ ಅದು ಒಂದು ಕ್ಷಣ ಉಂಡೆಯಾಗಿ ನಿಲ್ಲುತ್ತದೆ, ಆಮೇಲೆ ತಟಕ್ಕನೆ ತಂತಿಯ ಸುತ್ತ ಹರಡಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ತಟಕ್ ನೋಡಲಿಕ್ಕೆಂದೇ ನಾನು ಬೇಕಿಲ್ಲದ ಕಡೆಯೂ ಮತ್ತೊಮ್ಮೆ ಕಾಯಿಸಿದ್ದುಂಟು. ರಾಳದ ಹೊಗೆ ಅಡುಗೆಮನೆಗೆ ಹೋಯಿತು. "ಏನೋ ಸುಡಾಕ ಹತ್ತೈತಲ್ಲೋ!" ಅಂದಳು ಅವ್ವ. ಅವಳ ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ, ಅಂದರೆ ನಮ್ಮನೆಯ ಚಕ್ಕಲಿ ಡಬ್ಬಿ, ಅಷ್ಟು ಹೊತ್ತಿಗೆ ನಾಲ್ಕು ತೂತು ಬಿದ್ದು ನನ್ನ ಪ್ರೀಆಂಪಿನ ಮನೆಯಾಗಿತ್ತು. ಅವಳಿಗೆ ಇನ್ನೂ ಹೇಳಿರಲಿಲ್ಲ.

ಸ್ವಿಚ್ ಹಾಕಿದೆ. ಹಾಡು ಬಂತು, ತಂಬೂರಿ ಬಂತು, ತಬಲಾದ ಎಡಗೈ ಗುಮ್ಮೆಂದಿತು. ಅದರ ಹಿಂದೆಯೇ ಇನ್ನೊಂದು ಬಂತು. ಗುಂಯ್‌.

ಮುಂದಿನ ಎರಡು ತಿಂಗಳು ಆ ಗುಂಯ್‌ ಜೊತೆ ನನ್ನ ಸಂಸಾರ. ಸೂಜಿಯಿಂದ ಬರುವುದು ಬರೀ 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹೆಚ್ಚಿಸಬೇಕು. ಮಂದ್ರವನ್ನು ಇನ್ನೂ ಎತ್ತಬೇಕಲ್ಲ, ಹಾಗಾಗಿ 50 ಹರ್ಟ್ಸ್ ಹತ್ತಿರ ಅದು ಏಳುನೂರು ಪಟ್ಟು ಆಗುತ್ತದೆ. ನಮ್ಮ ಮನೆ ಕರೆಂಟು ಓಡುವುದೂ ಸರಿಯಾಗಿ ಅದೇ 50ರಲ್ಲಿ. ಕಳ್ಳ ಬರುವ ದಾರಿಗೇ ದೀಪ ಹಚ್ಚಿಟ್ಟ ಹಾಗೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳಿದರೆ ಆ ಸ್ವರ ಬಿಳಿ ಐದರ ಆಸುಪಾಸು, ಸ್ವಲ್ಪ ಏರು. ಯಾವ ಗಾಯಕರ ಶ್ರುತಿಗೂ ಸರಿಯಾಗಿ ಕೂರದು.

ಕರೆಂಟು ಬಿಟ್ಟು ಎರಡು 9 ವೋಲ್ಟ್ ಬ್ಯಾಟರಿ ಹಾಕಿ ನೋಡಿದೆ. ಅರ್ಧ ಇಳಿಯಿತು. ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಉದ್ದ ವೈರು ಕೊಟ್ಟು, ಟರ್ನ್‌ಟೇಬಲ್ ಸುತ್ತ ಆರತಿ ಎತ್ತಿದ ಹಾಗೆ ತಿರುಗಿಸಿದೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಕಡಿಮೆ ಇದ್ದ ಜಾಗ ಸಿಕ್ಕಿದ್ದು ದೇವರ ಕಪಾಟಿನ ಪಕ್ಕ. ಅಲ್ಲೇ ಇಟ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ತಟ್ಟೆಯೇ ಹಾಕದೆ, ವಾಲ್ಯೂಮ್ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಮನ್ಸೂರರನ್ನು ಕೇಳಲು ಕಟ್ಟಿದ ಡಬ್ಬಿಯಲ್ಲಿ ಬೆಸ್ಕಾಂ ಸಂಗೀತ ಕೇಳುತ್ತಿದ್ದೆ ಅನ್ನಿ.

ಕೊನೆಗೆ ಸಿಕ್ಕಿದ್ದು ಇಷ್ಟೇ. ಸಾಕೆಟ್ಟುಗಳ ನಟ್ಟು ನಾಲ್ಕು ಕಡೆ ತಗಡಿಗೆ ತಾಗಿ, ಅರ್ತಿಂಗ್ ನಾಲ್ಕು ದಾರಿ ಹಿಡಿದಿತ್ತು. ಒಂದೇ ದಾರಿ ಇರಬೇಕು. ಡಬ್ಬಿಗೂ ಸಾಕೆಟ್ಟಿಗೂ ನಡುವೆ ಹಾಕಲು ಪ್ಲಾಸ್ಟಿಕ್ ವಾಷರ್ ಮನೆಯಲ್ಲಿರಲಿಲ್ಲ. ಅವ್ವನ ಮೊಣಕಾಲಿನ ಹಳೇ ಎಕ್ಸ್‌ರೇ ಹಾಳೆ ಇತ್ತು. ಕತ್ತರಿಸಿದೆ. ಒಂದೊಂದು ವಾಷರಿನಲ್ಲಿ ಮೊಣಕಾಲ ಚಿಪ್ಪಿನ ಒಂದೊಂದು ಚೂರು. ತೂತು ದೊಡ್ಡದು ಮಾಡಿ, ಎರಡೂ ಬದಿಗೆ ವಾಷರ್ ಕೊಟ್ಟು, ಎಲ್ಲ ಅರ್ತಿಂಗ್ ವೈರನ್ನೂ ಟರ್ನ್‌ಟೇಬಲಿನ ಸಣ್ಣ ವೈರನ್ನೂ ಒಂದೇ ಸ್ಕ್ರೂಗೆ ಬಿಗಿದೆ.

ಸ್ವಿಚ್ ಹಾಕಿದೆ. ಏನೂ ಇಲ್ಲ. ಕೆಟ್ಟೇ ಹೋಯಿತೇನೋ ಅಂದುಕೊಂಡು ಸೂಜಿ ಇಳಿಸಿದರೆ ಎದುರಿಗೇ ಕೂತು ಹಾಡಿದ ಹಾಗೆ ಮನ್ಸೂರರು. ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಅವ್ವನನ್ನು ಕರೆದು ಕೂರಿಸಿದೆ. ಕಣ್ಣು ಮುಚ್ಚಿ ಒಂದು ಬದಿ ಪೂರ್ತಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಚೊಲೋ ಐತಿ," ಅಂದಳು. "ಆದ್ರ ಅದರ ಹಿಂದ ಇನ್ನೊಂದು ತಂಬೂರಿ ಇತ್ತಲ್ಲೋ, ದಪ್ಪ ದನಿದು. ಅದೆಲ್ಲಿ ಹೋತು?"

ಬಾಯಿ ಬಿಡಲಿಲ್ಲ ನಾನು. ಎದ್ದು ಹೋಗುವಾಗ ಅವಳ ಕಣ್ಣು ಪ್ರೀಆಂಪಿನ ಮೇಲೆ ಬಿತ್ತು. ಬಗ್ಗಿ ನೋಡಿದಳು. ಮುಚ್ಚಳದ ಮೇಲಿನ ಗುಲಾಬಿ ಹೂವಿನ ಗುರುತು ಹತ್ತಿತು.

"ದೀಪಾವಳಿ ಬಂತು. ಇನ್ನ ಚಕ್ಕಲಿ ಎದರಾಗ ಹಾಕ್ಲಿ?"