16 ದಿನ ಕಮ್ಮಿ

ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮೇಲೆ ನಾಲ್ಕು ದಿನದಿಂದ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಎಷ್ಟು ಸಲ ಎಣಿಸಿದರೂ 64 ದಿನವೇ ಬರುತ್ತದೆ. ಕೆಲಸ ಬದಲಿಸಿದರೆ, ಹೊಸ ಕಂಪನಿಯಲ್ಲಿ ಸಂಬಳದ ಹೆರಿಗೆ ರಜೆಗೆ ನನಗೆ ಬೇಕಾಗಿರುವುದು 80.

ನನಗೀಗ 18 ವಾರ ತುಂಬಿದೆ. ಡಾಕ್ಟರು ಅಕ್ಟೋಬರ್ ಮಧ್ಯದ ತಾರೀಖು ಕೊಟ್ಟಿದ್ದಾರೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಆರು ವರ್ಷ ಆಯಿತು. ಕೈಗೆ ಬರುವುದು 46,000.

ಈ ಸಂಬಳ ಕಮ್ಮಿ ಅಂತ ನನಗೆ ಮೊದಲಿನಿಂದ ಅನುಮಾನ ಇತ್ತು. ಎಷ್ಟು ಕಮ್ಮಿ ಅಂತ ಗೊತ್ತಾಗಿದ್ದು ಈ ಜನವರಿಯಲ್ಲಿ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಟ್ಯಾಕ್ಸ್ ಡಿಕ್ಲರೇಷನ್ ಹಾಕಲು ಬರದೆ, "ಅಕ್ಕಾ, ಸ್ವಲ್ಪ ನೋಡ್ತೀರಾ" ಅಂತ ಲ್ಯಾಪ್‌ಟಾಪ್ ತಂದ. ಸ್ಲಿಪ್ ತೆರೆದೇ ಇತ್ತು. ಕೈಗೆ 71,000. ಅವನಿಗೆ ಮೂರು ವರ್ಷದ ಅನುಭವ. ನಮ್ಮ ಪ್ರಾಜೆಕ್ಟಿನ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕಲಿಸಿದ್ದು ನಾನೇ. ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವನು ಕೇಳಿದ, ಅವರು ಕೊಟ್ಟರು. ಹೊರಗಿನಿಂದ ಬರುವವರಿಗೆ ಮಾರ್ಕೆಟ್ ರೇಟು, ಒಳಗೇ ಇದ್ದು ದುಡಿದವರಿಗೆ ವರ್ಷಕ್ಕೊಮ್ಮೆ ಚಿಲ್ಲರೆ. ಅವತ್ತೇ ಬೇರೆ ಕೆಲಸ ಹುಡುಕಬೇಕು ಅಂತ ತೀರ್ಮಾನ ಮಾಡಿದೆ. ಫೆಬ್ರವರಿಯಲ್ಲಿ ಟೆಸ್ಟ್ ಪಾಸಿಟಿವ್ ಬಂತು. ಖುಷಿಯಲ್ಲಿ ಹುಡುಕಾಟ ಅಲ್ಲೇ ನಿಂತಿತು.

ಮೂರು ತಿಂಗಳು ತುಂಬಿದ ಮೇಲೆ ಮ್ಯಾನೇಜರ್‌ಗೆ ಹೇಳಿದೆ. ಅವರೂ ಹೆಂಗಸು, ಎರಡು ಮಕ್ಕಳ ತಾಯಿ. ತಬ್ಬಿಕೊಂಡರು. ಮರುವಾರದಿಂದ ಕ್ಲೈಂಟ್ ಕಾಲ್‌ಗೆ ನನ್ನನ್ನು ಕರೆಯುವುದು ನಿಂತಿತು. "ನೀನು ರೆಸ್ಟ್ ಮಾಡು" ಅಂದರು. ನಾನು ರೆಸ್ಟ್ ಕೇಳಿರಲಿಲ್ಲ. ವಾಂತಿ ಆಗುತ್ತಿದ್ದ ದಿನಗಳಲ್ಲೂ ಒಂದು ರಿಲೀಸ್ ತಡವಾಗಲು ಬಿಟ್ಟವಳಲ್ಲ ನಾನು. ಏಪ್ರಿಲ್ ಕೊನೆಗೆ ಇನ್‌ಕ್ರಿಮೆಂಟ್ ಪತ್ರ ಬಂತು. ಶೇಕಡಾ 4. ತಿಂಗಳಿಗೆ 1,840 ರೂಪಾಯಿ ಜಾಸ್ತಿ. ಮೊನ್ನೆ ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ನಾವು ಕೊಟ್ಟಿದ್ದು ಇದಕ್ಕಿಂತ ಜಾಸ್ತಿ.

ಕೇಳಿದೆ. ಸುಮ್ನೆ ಬಿಡಲಿಲ್ಲ. ಹುಡುಗನ ಹೆಸರು ಎತ್ತದೆ, ಮಾರ್ಕೆಟ್‌ನಲ್ಲಿ ಇಷ್ಟಿದೆ, ನನಗೆ ಯಾಕೆ ಇಷ್ಟು ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ್ದು: "ಈ ವರ್ಷ ಹೇಗೂ ಅರ್ಧ ವರ್ಷ ರಜೆ ಇರ್ತೀಯಲ್ಲ. ಈಗ ನಿನಗೆ ಬೇಕಾಗಿರೋದು ದುಡ್ಡಲ್ಲ, ನೆಮ್ಮದಿ."

ಆ ಮಾತು ಇನ್ನೂ ಎದೆಯಲ್ಲಿ ಉರಿಯುತ್ತಿದೆ. ಬಸುರಿಗೆ ದುಡ್ಡು ಬೇಡ ಅಂತ ಯಾರು ಹೇಳಿದರು? ಜೀವನದಲ್ಲಿ ನನಗೆ ದುಡ್ಡು ಅತಿ ಹೆಚ್ಚು ಬೇಕಾಗಿರುವುದೇ ಈಗ. ಆ ಇನ್‌ಕ್ರಿಮೆಂಟ್ ಪತ್ರ ಇನ್ನೂ ಹಾಕದ ರಜೆಯ ಮೇಲೆ ಬರೆಯುವಂಥದ್ದಲ್ಲ, ಕಳೆದ ವರ್ಷ ಮಾಡಿ ಮುಗಿಸಿದ ಕೆಲಸದ ಮೇಲೆ ಬರೆಯಬೇಕಾದದ್ದು. ಅಲ್ವಾ?

ಅವತ್ತು ರಾತ್ರಿಯೇ ಹಳೆ ರೆಸ್ಯೂಮೆ ತೆಗೆದು ಮೂರು ಕಡೆ ಹಾಕಿದೆ. ಎರಡೇ ವಾರದಲ್ಲಿ ಒಂದು ಕಡೆ ಆಯಿತು. ಕೈಗೆ 74,000. ಮೂರು ಸುತ್ತಿನ ಇಂಟರ್‌ವ್ಯೂ, ಎಲ್ಲವೂ ವಿಡಿಯೋದಲ್ಲಿ. "ಆಫರ್ ಲೆಟರ್ ಕೈಗೆ ಬರೋವರೆಗೂ ಬಾಯಿ ಬಿಡಬೇಡ" ಅಂದಳು ಗೆಳತಿ. ನಾನೂ ಬಿಡಲಿಲ್ಲ. ಕ್ಯಾಮೆರಾದಲ್ಲಿ ಭುಜದಿಂದ ಮೇಲೆ ಮಾತ್ರ ಕಾಣುವ ಹಾಗೆ ಪುಸ್ತಕ ಪೇರಿಸಿ ಲ್ಯಾಪ್‌ಟಾಪ್ ಎತ್ತರಿಸಿ ಇಟ್ಟೆ. ಅವರು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಮುಗಿದ ಮೇಲೆ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಅತ್ತೆ. ಏಳು ವರ್ಷ ಕಾದು ಆದ ಮಗು ಇದು. ಊರಿಗೆಲ್ಲ ಹೇಳಿಕೊಂಡು ಓಡಾಡಬೇಕಾದವಳು ಕದ್ದ ಮಾಲಿನ ಹಾಗೆ ಮುಚ್ಚಿಟ್ಟು ಕೂತಿದ್ದೆ. ಆ ಸ್ಥಿತಿಗೆ ನನ್ನನ್ನು ತಂದವರ ಮೇಲೆ ನನಗೆ ಸಿಟ್ಟು.

ಈಗ ಲೆಕ್ಕಕ್ಕೆ ಬರುತ್ತೇನೆ.

ಹೆರಿಗೆ ರಜೆಯ ಕಾನೂನು ಮೊದಲು ಬಂದದ್ದು 1961ರಲ್ಲಿ. 2017ರಲ್ಲಿ ತಿದ್ದಿ, ಮೊದಲ ಎರಡು ಹೆರಿಗೆಗೆ 12 ವಾರ ಇದ್ದದ್ದನ್ನು 26 ವಾರ ಮಾಡಿದರು. ಇದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಅದರೊಳಗಿನ ಷರತ್ತು. ಹೆರಿಗೆ ತಾರೀಖಿಗೆ ಮುಂಚಿನ 12 ತಿಂಗಳಲ್ಲಿ ಅದೇ ಕಂಪನಿಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಹಳೆ ಕಂಪನಿಯಲ್ಲಿ ಮಾಡಿದ ಆರು ವರ್ಷ ಹೊಸ ಕಂಪನಿಯಲ್ಲಿ ಲೆಕ್ಕಕ್ಕಿಲ್ಲ. ನನ್ನ ನೋಟಿಸ್ ಪೀರಿಯಡ್ 90 ದಿನ. ಇವತ್ತೇ ರಾಜೀನಾಮೆ ಕೊಟ್ಟರೂ ಆಗಸ್ಟ್ ಮಧ್ಯದವರೆಗೆ ಬಿಡುವುದಿಲ್ಲ. ಅಲ್ಲಿಂದ ಹೆರಿಗೆ ತಾರೀಖಿಗೆ 64 ದಿನ. ನೋವು ಶುರುವಾಗುವ ದಿನದವರೆಗೂ ಕೆಲಸ ಮಾಡಿದರೂ 16 ದಿನ ಕಮ್ಮಿ. ಹೆರಿಗೆ ಆದ ಮೇಲೆ ಆರು ವಾರ ನನ್ನಿಂದ ಕೆಲಸ ಮಾಡಿಸುವ ಹಾಗಿಲ್ಲ ಅನ್ನುತ್ತದೆ ಅದೇ ಕಾನೂನು. ಆದರೆ 80 ದಿನ ಆಗಿಲ್ಲವಾದರೆ ಆ ಆರು ವಾರಕ್ಕೂ ಸಂಬಳ ಕೇಳುವ ಹಕ್ಕಿಲ್ಲ.

ಇಲ್ಲೇ ಉಳಿದರೆ ಆರು ತಿಂಗಳ ಸಂಬಳ, ಅಂದರೆ ಸುಮಾರು 2 ಲಕ್ಷ 87 ಸಾವಿರ ಗ್ಯಾರಂಟಿ. ಆದರೆ ಅದೂ ಈ ಕಮ್ಮಿ ಸಂಬಳದ ಲೆಕ್ಕದಲ್ಲೇ. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ಹಿಡಿದು ಕೊಡುತ್ತಾರೆ. ಹೊಸ ಆಫರ್‌ಗೆ ಹೋಲಿಸಿದರೆ ಬಾಣಂತನದ ದುಡ್ಡಿನಲ್ಲೂ ತಿಂಗಳಿಗೆ 26,000 ಕಳೆದುಕೊಂಡ ಹಾಗೆಯೇ. ಬಿಟ್ಟು ಹೋದರೆ ಇನ್ಶೂರೆನ್ಸ್ ಕೂಡ ಕೊನೇ ದಿನಕ್ಕೇ ನಿಲ್ಲುತ್ತದೆ. ಹೊಸ ಕಂಪನಿಯ ಪಾಲಿಸಿಯಲ್ಲಿ ಹೆರಿಗೆ ಮೊದಲ ದಿನದಿಂದ ಸೇರಿದೆಯೋ ಇಲ್ಲವೋ, ಕೇಳಬೇಕು. ಸ್ವಂತಕ್ಕೆ ಪಾಲಿಸಿ ಮಾಡಿಸೋಣ ಅಂದರೆ ಹೆಚ್ಚಿನ ಪಾಲಿಸಿಗಳಲ್ಲಿ ಹೆರಿಗೆಗೆ ವರ್ಷಗಟ್ಟಲೆ ಕಾಯಬೇಕು. ಮಗು ಅಷ್ಟು ಕಾಯುತ್ತಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಆ 90 ದಿನದ ಮೇಲೆ. ಹೋದ ವರ್ಷ ಪ್ರಾಜೆಕ್ಟ್ ಮುಗಿಯಿತು ಅಂತ ನಮ್ಮ ಪಕ್ಕದ ಟೀಮಿನ ಐದು ಜನರನ್ನು ಒಂದೇ ಮಧ್ಯಾಹ್ನ ಕಳಿಸಿದರು. ಎರಡು ಗಂಟೆಗೆ ಮೀಟಿಂಗ್, ನಾಲ್ಕಕ್ಕೆ ಐಡಿ ಕಾರ್ಡ್ ವಾಪಸ್. ನೋಟಿಸ್ ಬದಲಿಗೆ ದುಡ್ಡು ಕೊಟ್ಟು ಕಳಿಸಿದರು, ಸರಿ. ಅದೇ ತಿಂಗಳು ನಮ್ಮ ಟೀಮಿನವಳು ಗಂಡನಿಗೆ ಪುಣೆಗೆ ವರ್ಗ ಆಯಿತು, ನಾನೂ ದುಡ್ಡು ಕಟ್ಟುತ್ತೇನೆ, ಒಂದು ತಿಂಗಳಿಗೆ ಬಿಡಿ ಅಂತ ಬೇಡಿಕೊಂಡಳು. ಬಿಡಲಿಲ್ಲ. ಮ್ಯಾನೇಜರ್ ಒಪ್ಪಿದರೆ ಮಾತ್ರವಂತೆ. 90 ದಿನ ಪೂರ್ತಿ ಕೂರಿಸಿದರು. ಕೊನೆಯ 40 ದಿನ ಅವಳಿಗೆ ಕೆಲಸವೇ ಇರಲಿಲ್ಲ. ಅಂಥವರ ಹತ್ತಿರ ನಾನು ಹೋಗಿ, 16 ದಿನ ಮುಂಚೆ ಬಿಡಿ ಅಂತ ಕೇಳಬೇಕಾ?

ಕಾನೂನು ಮಾಡಿದವರ ಮೇಲೂ ಸಿಟ್ಟಿದೆ. 26 ವಾರ ಅಂತ ಬರೆದರು, ಪೂರ್ತಿ ಖರ್ಚನ್ನು ಕಂಪನಿಯ ತಲೆಗೆ ಕಟ್ಟಿದರು. ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ ಇರುವವರಿಗೆ ರಜೆಯ ದುಡ್ಡು ಅಲ್ಲಿಂದ ಬರುತ್ತದೆ. ಸಂಬಳ 21,000 ದಾಟಿದವರಿಗೆ ಅದಿಲ್ಲ. ಹಾಗಾಗಿ ಮದುವೆಯಾದ ಹೆಂಗಸು ಇಂಟರ್‌ವ್ಯೂಗೆ ಬಂದರೆ ಅವರ ಕಣ್ಣಿಗೆ ಮೊದಲು ಕಾಣುವುದು ಆ ಆರು ತಿಂಗಳ ಬಿಲ್ಲು. ಆ ಖರ್ಚಿನಲ್ಲಿ ಸರ್ಕಾರ ಸ್ವಲ್ಪ ಹೊತ್ತಿದ್ದರೆ ನಾನು ಪುಸ್ತಕ ಪೇರಿಸಿ ಹೊಟ್ಟೆ ಮುಚ್ಚಬೇಕಿತ್ತಾ?

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು. "ಇರೋದನ್ನ ಬಿಟ್ಟು ಇಲ್ಲದ್ದರ ಹಿಂದೆ ಹೋಗಬೇಡಮ್ಮ" ಅಂತ ಅತ್ತೆ. ತರೀಕೆರೆಯಿಂದ ಅಮ್ಮ ದಿನಾ ಫೋನ್ ಮಾಡಿ, "ಏಳನೇ ತಿಂಗಳಿಗೆ ಸೀಮಂತ ಮಾಡಿ ಕರ್ಕೊಂಡು ಬರ್ತೀವಿ, ಅಷ್ಟರಲ್ಲಿ ಯಾವುದೋ ಒಂದು ತೀರ್ಮಾನ ಮಾಡ್ಕೋ" ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ ಮೊದಲ ಹೆರಿಗೆ ತವರಲ್ಲೇ. ಆಗ ನಾನು ಹೊಸ ಆಫೀಸಿನಲ್ಲಿ ಹೇಗೆ ಕೂರಲಿ? ಇವರು ಮಾತ್ರ "ನೀನು ಹೇಳಿದ ಹಾಗೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಪೆನ್ಸಿಲ್ ನನ್ನ ಕೈಯಲ್ಲೇ ಉಳಿಯುತ್ತದೆ.

ರಜೆ ಮುಗಿಸಿ ಬಂದು ಆಮೇಲೆ ಬಿಡು ಅಂತ ಸುಮಾರು ಜನ ಹೇಳಿದರು. ಬಿಡಬಹುದು. ಆಗ ಇದೇ ಆಫೀಸಿನಲ್ಲಿ "ನೋಡಿ, ರಜೆ ಸಂಬಳ ತಗೊಂಡು ಓಡಿ ಹೋದಳು" ಅಂತ ಮುಂದಿನ ಬಸುರಿಯ ಮುಂದೆ ನನ್ನ ಹೆಸರು ಹೇಳುತ್ತಾರೆ. ಹೇಳಲಿ. ಆರು ವರ್ಷ ತಿಂಗಳಿಗೆ ಎಷ್ಟು ಉಳಿಸಿಕೊಂಡರು ಅಂತ ಅವರಿಗೂ ಗೊತ್ತು.

ಶುಕ್ರವಾರ ಹೊಸ ಕಂಪನಿಗೆ ಮೇಲ್ ಹಾಕಿದೆ. ಬಸುರಿ ಅಂತ ಬರೆದೆ, ಹೆರಿಗೆ ತಾರೀಖೂ ಬರೆದೆ. ಎರಡೇ ಪ್ರಶ್ನೆ. 80 ದಿನ ತುಂಬದಿದ್ದರೂ ಸಂಬಳದ ರಜೆ ಕೊಡುತ್ತೀರಾ? ಇನ್ಶೂರೆನ್ಸ್‌ನಲ್ಲಿ ಹೆರಿಗೆ ಮೊದಲ ದಿನದಿಂದ ಇದೆಯಾ? ಎರಡನ್ನೂ ಬರವಣಿಗೆಯಲ್ಲಿ ಕೊಡಿ ಅಂದೆ. ಅಲ್ಲಿಯವರೆಗೆ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ ರಿಕ್ರೂಟರ್ ಆಮೇಲೆ ಒಂದು ಸಲವೂ ಮಾಡಿಲ್ಲ. ಆಫರ್ ಒಪ್ಪಲು ಕೊಟ್ಟಿರುವ ಗಡುವು ನಾಳೆ ಸಂಜೆ ಐದು ಗಂಟೆ.