ನಮ್ದನ್ನೂ ಬೆಂಗಳೂರು ವಾಯವ್ಯ ಮಾಡ್ಬಿಡ್ರಪ್ಪಾ

ಎಲ್ರೂ ಓದಿರ್ತೀರ ಬಿಡಿ, 2025ರ ಜುಲೈನಲ್ಲಿ ನಂದಿಬೆಟ್ಟದ ಮೇಲೆ ಸಂಪುಟ ಸಭೆ ಕೂತು ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಅಂತ ಹೆಸರಿಡ್ತು. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ರಾಮನಗರ ಬೆಂಗಳೂರು ದಕ್ಷಿಣ ಆಗಿತ್ತು. ನಾನಂತೂ ಕೈ ಮುಗಿದೆ. ಒಂದು ಬಸ್ಸು ಬಿಡ್ದೆ, ಒಂದು ನಲ್ಲಿ ಹಾಕ್ದೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕನ್ನೂ ಹಳ್ಳಿಯಿಂದ ಎತ್ತಿ ಸಿಟಿಗೆ ಹಾಕಿದ್ರಲ್ಲ, ಅದೂ ಒಂದೇ ಮಧ್ಯಾಹ್ನ. ಹೊಸಕೋಟೆ ಇರೋದು ಪೂರ್ವಕ್ಕೆ, ಅದು ಹೆಂಗೆ ಉತ್ತರ ಆಯ್ತು ಅಂತ ನಮ್ಮ ಓಣಿ ವಾಸ್ತು ಭಟ್ರನ್ನ ಕೇಳಿದ್ರೆ ಅವರು ಎಲೆ ಅಡಿಕೆ ಜಗೀತಾ "ಸರ್ಕಾರಕ್ಕೆ ದಿಕ್ಕು ಅಂತ ಬೇರೆ ಇರಲ್ಲ ಸ್ವಾಮಿ" ಅಂದ್ರು.

ಇದನ್ನೆಲ್ಲ ದಾವಣಗೆರೇಲಿ ಕೂತ್ಕೊಂಡು ನಾನ್ಯಾಕೆ ತಲೆಗೆ ಹಚ್ಕೊಂಡೆ ಅಂದ್ರೆ ನನ್ ಮಗ ಬೆಂಗಳೂರಲ್ಲಿ ಮನೆ ಮಾಡ್ತಿದಾನೆ. ಸಿಟಿ ಒಳಗಾ, ಹೊರಗಾ ಅನ್ನೋದು ನಮ್ಮನೇಲಿ ಮೂರು ತಿಂಗಳಿಂದ ನಡೀತಿರೋ ಗಲಾಟೆ. ಒಳಗಡೆ ಅಂದ್ರೆ ಬಾಡಿಗೆ 32 ಸಾವಿರ, ಅಡ್ವಾನ್ಸು ಬೇರೆ, ಅಡುಗೆಮನೇಲಿ ಸೊಸೆ ರೊಟ್ಟಿ ತಟ್ಟಿದ್ರೆ ಪಕ್ಕದ ಬಿಲ್ಡಿಂಗ್‌ನೋರು ಕಿಟಕೀಲಿ ಕೈ ಹಾಕಿ ಈಸ್ಕೋಬಹುದು, ಅಷ್ಟು ಹತ್ರ. ಹೊರಗಡೆ ಅಂದ್ರೆ ಅದೇ ಬೆಂಗಳೂರು ಉತ್ತರ.

ಉತ್ತರದ ಲೇಔಟ್ ನೋಡಕ್ಕೆ ನಾನೂ ನನ್ ಹೆಂಡ್ತೀನೂ ಹೋಗಿದ್ವಿ. ಮೊದ್ಲು ಒಂದು ಕಮಾನು, ಕಮಾನಿನ ಮೇಲೆ ಎರಡು ಆನೆ, ಒಳಗೆ ಹೋದ್ರೆ ಜಾಲಿ ಗಿಡ. ಜಾಲಿ ಗಿಡದ ಮಧ್ಯ ಹಳದಿ ಬಣ್ಣದ ಕಲ್ಲು, ಕಲ್ಲಿನ ಮೇಲೆ ಕೆಂಪಲ್ಲಿ ನಂಬರು. ಒಂದು ಕಡೆ "ಮಕ್ಕಳ ಉದ್ಯಾನ" ಅಂತ ಬೋರ್ಡು, ಬೋರ್ಡಿಗೆ ಒಂದು ಮೇಕೆ ಕಟ್ಟಿತ್ತು. ಏಜೆಂಟ್ ಹುಡುಗ ಟೈ ಕಟ್ಕೊಂಡು ಬೆವರ್ತಾ "ಏರ್‌ಪೋರ್ಟ್ 25 ನಿಮಿಷ ಸಾರ್" ಅಂದ. ಯಾವುದ್ರಲ್ಲಿ ಹೋದ್ರೆ ಅಂತ ನಾನು ಕೇಳ್ಲಿಲ್ಲ, ಪಾಪ ಅವನೇ ಬೈಕಲ್ಲಿ ಬಂದಿದ್ದ. ನನ್ ಹೆಂಡ್ತಿ ಮಾತ್ರ ಬಿಡ್ಲಿಲ್ಲ, "ಬೋರು ಎಷ್ಟು ಅಡಿಗೆ ಬಿದ್ದೈತಪ್ಪಾ, ನೀರು ಎಷ್ಟು ಇಂಚು?" ಅಂತ ಕೇಳಿದ್ಲು. ಅವನು "ಅಮ್ಮಾ, ಸ್ವಿಮ್ಮಿಂಗ್ ಪೂಲ್ ಬರ್ತಿದೆ" ಅಂದ. ಇ-ಖಾತಾ? "ಪ್ರೊಸೆಸ್‌ನಲ್ಲಿದೆ ಸಾರ್." ಮೆಟ್ರೋ? "ಮಾದಾವರಕ್ಕೆ ಬಂದಾಯ್ತಲ್ಲ ಸಾರ್, ಇಲ್ಲಿಗೆ ಬರೋದೇನು ದೊಡ್ಡ ವಿಷ್ಯ." ಹೌದು, 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬಂತು, ಮೂರು ತಿಂಗಳಿಗೆ ಗರಿಷ್ಠ ಟಿಕೆಟ್ಟೂ 60 ರೂಪಾಯಿಂದ 90ಕ್ಕೆ ಬಂತು. ಟಿಕೆಟ್ ರೇಟು ಓಡಿದ ಸ್ಪೀಡಲ್ಲಿ ಹಳಿ ಓಡಿದ್ರೆ ಇಷ್ಟೊತ್ತಿಗೆ ನಮ್ಮ ಜಯದೇವ ಸರ್ಕಲ್‌ನಲ್ಲೇ ಒಂದು ಸ್ಟೇಷನ್ ಇರ್ತಿತ್ತು.

ವಾಪಸ್ ಬರ್ತಾ ನನಗೆ ಒಂದು ಐಡಿಯಾ ಹೊಳೀತು. ಹೆಸರಿಟ್ರೆ ಬೆಂಗಳೂರು ಆಗೋದಾದ್ರೆ ದಾವಣಗೆರೆ ಏನ್ ಪಾಪ ಮಾಡಿದೆ? ದಿಕ್ಕು ಸರಿಯಾಗೇ ಇದೆ, ವಾಯವ್ಯ. 260 ಕಿಲೋಮೀಟರ್ ದೂರ ಅಂತೀರೇನೋ, ಅದೆಲ್ಲ ಲೇಔಟ್ ಬ್ರೋಶರ್ ಬರೆಯೋ ಹುಡುಗ ಸರಿ ಮಾಡ್ತಾನೆ. ಉಳಿದ ದಾಖಲೆ ಎಲ್ಲ ನಮ್ಮ ಹತ್ರ ಪಕ್ಕಾ ಇವೆ. ಅವರಿಗೊಂದು ಜಯದೇವ ಇದ್ರೆ ನಮಗೊಂದು ಜಯದೇವ. ಅವರಿಗೆ ಚಾಮರಾಜಪೇಟೆ, ನಮಗೂ ಚಾಮರಾಜಪೇಟೆ. ಅವರಿಗೆ ಹೆಬ್ಬಾಳ, ನಮಗೆ ಹೆಬ್ಬಾಳು, ಅದೂ ಟೋಲ್ ಸಮೇತ, ಅದೂ ಅವರ ಫ್ಲೈಓವರ್‌ಗಿಂತ ಬೇಗ ದಾಟ್ಬಹುದು. ಅಷ್ಟೇ ಯಾಕೆ, ಊರ ನಡುವೆ ಹಾದು ಹೋಗೋ ಪಿ.ಬಿ. ರೋಡಿನ ಬಿ ಯಾರು? ಬೆಂಗಳೂರೇ ಅಲ್ವಾ? ಪಿ ಪುಣೆ, ಬೇಕಾದ್ರೆ ಪುಣೆ ಆಗ್ನೇಯ ಅಂತ್ಲೂ ಅರ್ಜಿ ಹಾಕ್ತೀವಿ, ಯಾವುದು ಮೊದ್ಲು ಬರುತ್ತೋ ಅದು. ಹೆಂಗೂ 1997ರ ತನಕ ಚಿತ್ರದುರ್ಗ ಜಿಲ್ಲೇಲಿದ್ವಿ, ಆಮೇಲೆ ನಮ್ದೇ ಜಿಲ್ಲೆ ಆಯ್ತು, ವಿಳಾಸ ಬದಲಾಯಿಸೋದು ನಮಗೇನು ಹೊಸದಲ್ಲ. ದುರ್ಗದೋರು ಮಧ್ಯ ಇದ್ದಾರಲ್ಲ ಅಂದ್ರೆ ಅವರಿಗೆ ಬೆಂಗಳೂರು ಕೋಟೆ ಪ್ರದೇಶ ಅಂತ ಕೊಡಿ, ಖುಷಿಯಾಗ್ತಾರೆ.

ಹೆಸರಿನ ವಿಷ್ಯದಲ್ಲಿ ನಮಗೆ ಅನುಭವ ಜಾಸ್ತಿ. ಹತ್ತಿ ಮಿಲ್ಲುಗಳಿದ್ದಾಗ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದ್ರು. ಮಿಲ್ಲು ಹೋದ್ವು, ಮ್ಯಾಂಚೆಸ್ಟರ್ ಉಳೀತು, ಈಗ್ಲೂ ಭಾಷಣದಲ್ಲಿ ಬರುತ್ತೆ. 2016ರ ಜನವರೀಲಿ ಮೊದಲನೇ ಪಟ್ಟೀಲೇ ಸ್ಮಾರ್ಟ್ ಸಿಟಿ ಅಂತ ಕರೆದ್ರು, ನಾವು ಬೆಳಗಾವಿ ಇಬ್ರೇ ನಮ್ಮ ರಾಜ್ಯದಿಂದ. ಅವತ್ತಿಂದ ಸ್ಮಾರ್ಟ್ ಆಗಿ ಅಗೆದಿದ್ದೇ ಅಗೆದಿದ್ದು, ಟಾರ್ ಹಾಕೋರು ಒಂದು ದಿನ, ಪೈಪ್ ಹಾಕೋರು ಮಾರನೇ ದಿನ. ನಾವೇ ಇಟ್ಕೊಂಡ ಹೆಸರಲ್ಲಿ ಇವತ್ತಿಗೂ ಮೋಸ ಮಾಡದೆ ಇರೋದು ಬೆಣ್ಣೆ ದೋಸೆ ಒಂದೇ, ಅದ್ರಲ್ಲಿ ಬೆಣ್ಣೆ ಇರುತ್ತೆ.

ನಗಾಡಿದ್ದು ಸಾಕು. ನಮ್ಮ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1951ರಲ್ಲಿ. ಆಗಿಂದ ಓದಿಸ್ತಾನೇ ಇದೀವಿ, ಓದಿದ ಹುಡುಗ್ರನ್ನ ರಾತ್ರಿ ಬಸ್ಸಿಗೆ ಹತ್ತಿಸ್ತಾನೇ ಇದೀವಿ. ಓದೋಕೆ ದಾವಣಗೆರೆ, ದುಡಿಯೋಕೆ ಬೆಂಗಳೂರು, ದುಡಿದಿದ್ದೆಲ್ಲ ಅಲ್ಲೇ ಸಿಟಿ ಒಳಗೆ ಬಾಡಿಗೆಗೆ ಇಲ್ಲಾ ಹೊರಗೆ ಜಾಲಿ ಗಿಡದ ಸಾಲಕ್ಕೆ. ತುಮಕೂರಿಂದ ಸಿರಾ, ಹಿರಿಯೂರು, ದುರ್ಗದ ಮೇಲೆ ನಮ್ಮೂರಿಗೆ ನೇರ ರೈಲು ಮಂಜೂರಾಗಿ ಹತ್ತು ವರ್ಷದ ಮೇಲಾಯ್ತು, ಅದು ಸರಿಯಾದ ಟೈಮಿಗೆ ಬಂದಿದ್ರೆ ಮಗ ಶನಿವಾರ ಬಂದು ಸೋಮವಾರ ಹೋಗೋನು, ಈಗ್ಲೂ ರೈಲು ಬೀರೂರು ಅರಸೀಕೆರೆ ಸುತ್ತಾಕ್ಕೊಂಡೇ ಹೋಗ್ಬೇಕು. ಎಲ್ಲ ಕೆಲಸಾನೂ ಒಂದೇ ಊರಲ್ಲಿ ತುಂಬಿ, ಆ ಊರು ಉಸಿರುಗಟ್ಟಿದ ಮೇಲೆ ಪಕ್ಕದ ಹಳ್ಳಿಗೆಲ್ಲ ಅದರದ್ದೇ ಹೆಸರಿಟ್ಟು ಅದನ್ನ ಬೆಳವಣಿಗೆ ಅಂತೀರಲ್ಲ, ನಿಮಗೆ ಬೇಜಾರಾಗಲ್ವಾ? ನನಗೆ 64 ವರ್ಷ, ಮಂಡಿ ನೋವು, ಮೊಮ್ಮಗುವಿನ ಮುಖ ನೋಡ್ಬೇಕಂದ್ರೆ ಫೋನ್ ಉಲ್ಟಾ ಹಿಡಿದು ಕೂಗಾಡ್ಬೇಕು.

ಹಾಂ, ಸೈಟ್ ನೋಡಕ್ಕೆ ಹೋದ ದಿನದ್ದೇ ಒಂದು ಹೇಳೋದು ಮರ್ತೆ. ಮಗ ಫೋನಲ್ಲಿ "ಅಪ್ಪಾಜಿ, ನೆಲಮಂಗಲದಲ್ಲೇ ಇಳೀರಿ, ಮೆಜೆಸ್ಟಿಕ್ ತನಕ ಬರ್ಬೇಡಿ, ನಾನು ಅಲ್ಲೇ ಇರ್ತೀನಿ" ಅಂದಿದ್ದ. ನನಗೆ ಹಾಳಾದ್ದು ಹೊಸ ಹೆಸರೇ ತಲೇಲಿ ಕೂತಿತ್ತು. ಕಂಡಕ್ಟರ್‌ನ ಕರೆದು "ಬೆಂಗಳೂರು ಉತ್ತರ ಬಂದಾಗ ಒಂಚೂರು ಹೇಳಪ್ಪಾ" ಅಂದೆ. ಅವನು ನನ್ನನ್ನೂ, ನನ್ ಹೆಂಡ್ತಿ ತೊಡೆ ಮೇಲಿದ್ದ ಮಂಡಕ್ಕಿ ಚೀಲಾನೂ ನೋಡಿ "ಬೆಂಗಳೂರು ಇನ್ನೂ ದೂರ ಐತಿ ಯಜಮಾನ್ರೇ, ಆರಾಮಾಗಿ ಮಲಿಕ್ಕೊಳ್ರಿ" ಅಂದ. ಮಲಗಿದ್ವಿ. ಎಚ್ಚರ ಆದಾಗ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಿತ್ತು, ಮಗನ ಮಿಸ್ಡ್ ಕಾಲು ಹನ್ನೊಂದು.